ಬ್ಯಾಸಿಗಿಯಲ್ಲಿ ಬರಡು ಕಾಣುವ ಹೊಲ: ಆಲಿಕೆ ಸಭೆಗೆ ಏನು ಬರೆದುಕೊಡಬೇಕು?

ನಮ್ಮದು ಬಬಲೇಶ್ವರ ಸಮೀಪ ಒಂಬತ್ತು ಎಕರೆ ಎರಿ ಹೊಲ. ಮಳೆ ನಂಬಿದ ಬೇಸಾಯ. ಮುಂಗಾರಿಯಲ್ಲಿ ಖಾಲಿ ಬಿಟ್ಟು ಹರಗುತ್ತೇವೆ. ಸೆಪ್ಟೆಂಬರ್ ಕೊನೆಗೆ ಬಿಳಿಜೋಳ, ಆಮೇಲೆ ಕಡಲೆ, ನಡುನಡುವೆ ಕುಸುಬಿ ಅಕ್ಕಡಿ. ಮಾರ್ಚಿಗೆ ರಾಶಿ ಮುಗೀತು ಅಂದರೆ ಮತ್ತೆ ಬಿತ್ತುವ ತನಕ ಆರು ತಿಂಗಳು ಬೆಳೆ ಇರುವುದಿಲ್ಲ. ಮೇ ತಿಂಗಳಲ್ಲಿ ಜೀಪಿನಿಂದ ಇಳಿದು ನೋಡಿದವರಿಗೆ ಬಿರುಕು ಬಿಟ್ಟ ನೆಲ, ಬದುವಿನ ಮೇಲೆ ಎರಡು ಬನ್ನಿಗಿಡ, ಇಷ್ಟೇ ಕಾಣುತ್ತದೆ.

ಕೆಲ ವರ್ಷದ ಹಿಂದೆ ನಮ್ಮ ಸೀಮೆಗೆ ಹತ್ತಿರ ಒಂದು ಸಕ್ಕರೆ ಕಾರ್ಖಾನೆ, ಜೊತೆಗೆ ಡಿಸ್ಟಿಲರಿ ಬರುವುದಿತ್ತು. ಹೆಸರು ಬೇಡ. ಅದರ ಪರಿಸರ ವರದಿಯನ್ನು ಕೃಷಿ ಪದವಿ ಓದಿದ ನಮ್ಮ ಅಕ್ಕನ ಮಗ ಓದುತ್ತ ಕೂತಿದ್ದ. "ಮಾಮಾ, ಇದರಾಗ ನಮ್ಮ ಕಡೆ ಹೊಲ ಎಲ್ಲಾ ಪಾಳು ಅಂತ ಬರದಾರಲ್ಲ!" ಅಂದ. ನನಗೆ ಮೊದಲು ಸಿಟ್ಟು ಬಂತು. ಆಮೇಲೆ ಅವನು ಇನ್ನೊಂದು ಪುಟ ತೆಗೆದು ತೋರಿಸಿದ. ಅವರು ಸರ್ವೆ ಮಾಡಿದ್ದು ಮಾರ್ಚಿನಿಂದ ಮೇ. ಹೆಚ್ಚಿನ ಕಾರ್ಖಾನೆಗಳಿಗೆ ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ತೆಗೆದರೆ ಸಾಕಂತೆ. ಹಿಂಗಾರಿ ಸೀಮೆಯಲ್ಲಿ ಬ್ಯಾಸಿಗಿ ಸರ್ವೆ ಮಾಡಿದರೆ ಬರಡಲ್ಲದೆ ಇನ್ನೇನು ಕಂಡೀತು?

ಇದು ಸಣ್ಣ ಮಾತಲ್ಲ. ನಮ್ಮ ಜಿಲ್ಲೆಯ ಕೂಡಗಿ ಉಷ್ಣ ವಿದ್ಯುತ್ ಸ್ಥಾವರದ ಕತೆ ನೆನೆಸಿಕೊಳ್ಳಿ. 2012ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಅದಕ್ಕೆ ಅನುಮತಿ ಕೊಟ್ಟಿತು. ವಿರೋಧಿಸಿದವರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದರು. 2014ರ ಮಾರ್ಚಿನ ತೀರ್ಪಿನಲ್ಲಿ ಮುಖ್ಯವಾಗಿ ನಿಂತದ್ದು ಭೂಮಿ ಎಂಥದು ಎಂಬ ಪ್ರಶ್ನೆ. ಸಾಗುವಳಿ ಭೂಮಿಯನ್ನು ಬರಡು ಎಂಬಂತೆ ತೋರಿಸಿದ್ದು ಸರಿಯಲ್ಲ ಎಂದು ಮಂಡಳಿ ಹೇಳಿತು. ಅನುಮತಿಯನ್ನು ತಡೆಹಿಡಿದು ತಜ್ಞರ ಸಮಿತಿ ಮತ್ತೆ ಪರಿಶೀಲಿಸಲಿ ಎಂದಿತು. ಅದೇ ವರ್ಷ ಜುಲೈಯಲ್ಲಿ ಅಲ್ಲಿ ರೈತರ ಪ್ರತಿಭಟನೆ, ಪೊಲೀಸರ ಗುಂಡು, ಎಲ್ಲ ಆಯಿತು. ಸ್ಥಾವರ ನಿಲ್ಲಲಿಲ್ಲ. 800 ಮೆಗಾವಾಟಿನ ಮೂರೂ ಘಟಕ 2018ರ ಹೊತ್ತಿಗೆ ಶುರುವಾದವು. ಆದರೂ ಒಂದು ವಿಷಯ ನನ್ನ ತಲೆಯಲ್ಲಿ ಕೂತಿತು. ಅಷ್ಟು ದೊಡ್ಡ ಅನುಮತಿ ಅಲುಗಾಡಿದ್ದು ಘೋಷಣೆಯಿಂದಲ್ಲ. ವರದಿಯ ಮಾತು ಒಂದು, ಹೊಲದ ಸತ್ಯ ಇನ್ನೊಂದು ಎಂದು ತೋರಿಸಿದ್ದರಿಂದ.

ನಾನು ಮಾಡಿದ ತಪ್ಪು

ಇದಕ್ಕೂ ಮೊದಲು ಬೇರೊಂದು ಯೋಜನೆಯ ಆಲಿಕೆ ಸಭೆಗೆ ಟ್ರ್ಯಾಕ್ಟರ್ ತುಂಬಿಕೊಂಡು ಹೋಗಿದ್ದೆವು. ನಾನು ಮೈಕು ಹಿಡಿದು ಐದು ಮಿನಿಟು ಕೂಗಾಡಿದೆ. ಚಪ್ಪಾಳಿ ಬಿದ್ದವು. ಊರಾಗ ಎರಡು ದಿನ ಗತ್ತಿನಿಂದ ತಿರುಗಿದೆ. ಆಮೇಲೆ ನಡವಳಿ ನೋಡಿದರೆ ನನ್ನ ಹೆಸರಿನ ಮುಂದೆ 'ಯೋಜನೆಯನ್ನು ವಿರೋಧಿಸಿದರು' ಎಂದು ಒಂದೇ ಸಾಲು. ಬರೆದುಕೊಂಡವರದು ತಪ್ಪಿಲ್ಲ. ನನ್ನ ಭಾಷಣದಲ್ಲಿ ಬರೆದುಕೊಳ್ಳುವಂಥದು ಏನೂ ಇರಲಿಲ್ಲ.

ಸಭೆಯಲ್ಲಿ ಕೈ ಎತ್ತಿಸಿ ಓಟು ಹಾಕಿಸುವುದಿಲ್ಲ. ಇಷ್ಟೇ ಜನ ಇರಬೇಕೆಂಬ ಲೆಕ್ಕವೂ ಇಲ್ಲ. ಡಿ.ಸಿ. ಸಾಹೇಬ್ರೋ ಹೆಚ್ಚುವರಿ ಜಿಲ್ಲಾಧಿಕಾರಿಗಳೋ ಅಧ್ಯಕ್ಷರಾಗಿ ಕೂತಿರುತ್ತಾರೆ, ಆದರೆ ಅನುಮತಿ ಕೊಡುವವರು ಅವರಲ್ಲ. ಅದು ಕೇಂದ್ರದ ಸಚಿವಾಲಯ, ಇಲ್ಲವೇ ರಾಜ್ಯ ಮಟ್ಟದ ಪ್ರಾಧಿಕಾರದ ಕೆಲಸ. ಅವರ ಮುಂದೆ ಹೋಗುವುದು ಕಾಗದ ಮತ್ತು ವಿಡಿಯೋ. ಜನ ಎತ್ತಿದ ಪ್ರತಿ ಅಡಚಣೆಗೂ ಕಂಪನಿ ತನ್ನ ಅಂತಿಮ ವರದಿಯಲ್ಲಿ ಉತ್ತರ ಕೊಡಬೇಕು. ಇದು 2006ರ ಸೆಪ್ಟೆಂಬರ್ 14ರ ಕೇಂದ್ರ ಅಧಿಸೂಚನೆಯ ನಿಯಮ.

ಸಭೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಒಂದು ರಾಷ್ಟ್ರೀಯ ಪತ್ರಿಕೆ, ಒಂದು ಪ್ರಾದೇಶಿಕ ಭಾಷೆಯದು. ಪೇಪರ್ ಬಾರದ ಊರಿಗೆ ಡಂಗುರ ಸಾರಬೇಕು. ವರದಿ ಮತ್ತು ಅದರ ಕನ್ನಡ ಸಾರಾಂಶ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯತಿ, ಜಿಲ್ಲಾ ಕೈಗಾರಿಕಾ ಕೇಂದ್ರಗಳಲ್ಲಿ ನೋಡಲು ಸಿಗಬೇಕು. ನಾನು ಬಸ್ಸು ಹತ್ತಿ ವಿಜಯಪುರಕ್ಕೆ ಹೋದಾಗ ಒಂದು ಕಡೆ "ಇಲ್ಲ" ಅಂದರು, ಇನ್ನೊಂದು ಕಡೆ ಕುರ್ಚಿ ಕೊಟ್ಟು ತೋರಿಸಿದರು. ಸಾರಾಂಶ ಓದಿದರೆ ಸಾಲದು. ಪಾಳು ಎಂಬ ಮಾತು ಅದರಲ್ಲಿ ಇರಲೇ ಇಲ್ಲ, ದೊಡ್ಡ ವರದಿಯಲ್ಲಿತ್ತು. ಇಂಗ್ಲಿಷ್ ಬಲ್ಲ ಹುಡುಗರನ್ನು ಕರೆದುಕೊಂಡು ಹೋಗಿ, ಭೂಬಳಕೆ ಮತ್ತು ನೀರಿನ ಪುಟಗಳನ್ನು ಮೊದಲು ತೆಗೆಸಿ.

ಏನು ಬರೆದೆ

ಈ ಸಲ ಒಂದೂವರೆ ಪುಟ, ಕನ್ನಡದಲ್ಲೇ. ಮುಖ್ಯ ಮಾತು ಹೀಗಿತ್ತು: "ನನ್ನ ಸರ್ವೆ ನಂಬರು ಇದು, ಒಂಬತ್ತು ಎಕರೆ. ವರದಿಯ ಇಂಥ ಪುಟದಲ್ಲಿ ಈ ಭಾಗವನ್ನು ಪಾಳು ಎಂದಿದ್ದೀರಿ. ಇದು ಹಿಂಗಾರಿ ಜೋಳದ ಭೂಮಿ. ನಿಮ್ಮ ಸರ್ವೆ ಮಾರ್ಚ್-ಮೇ ತಿಂಗಳಲ್ಲಿ ಆಗಿದೆ. ನವೆಂಬರದಿಂದ ಜನವರಿ ಒಳಗೆ ಮತ್ತೊಮ್ಮೆ ಭೂಬಳಕೆ ಸರ್ವೆ ಮಾಡಿ ಅಂತಿಮ ವರದಿಯಲ್ಲಿ ತಿದ್ದಬೇಕು. ಡಿಸ್ಟಿಲರಿಯ ಹೊಲಸು ನೀರಿನ ಹೊಂಡ ತೋರಿಸಿದ ಜಾಗ ನನ್ನ ಬಾವಿಗಿಂತ ಮೇಲೆ ಇದೆ. ನಡುವೆ ಹಳ್ಳವಿದೆ, ನಕಾಶೆಯಲ್ಲಿ ಅದು ಇಲ್ಲ. ಈ ಬಾವಿ ನೀರನ್ನು ಮನೆಯವರು, ದನಕರು ಕುಡಿಯುತ್ತೇವೆ. ಇದರ ನೀರು ಪರೀಕ್ಷೆ ಮಾಡಿಲ್ಲ, ಮಾಡಬೇಕು."

ಉತಾರ ಲಗತ್ತಿಸೋಣ ಅಂತ ತೆಗೆಸಿದರೆ ಒಂದು ವರ್ಷ ಬೆಳೆ ಕಾಲಮ್ಮು ಖಾಲಿ! ಯಾರ ತಪ್ಪೋ, ನಾನಂತೂ ಎಂದೂ ನೋಡಿರಲಿಲ್ಲ. ನಮ್ಮದೇ ಕಾಗದ ಪಾಳು ಅಂತ ಸಾಕ್ಷಿ ಹೇಳಿದರೆ ಕಂಪನಿಯವರನ್ನು ಬೈದು ಏನು ಫಲ? ಆ ವರ್ಷದ್ದಕ್ಕೆ ರೈತ ಸಂಪರ್ಕ ಕೇಂದ್ರದ ಬೀಜದ ರಶೀದಿ, ಬೆಳೆ ವಿಮೆ ಕಂತಿನ ಚೀಟಿ, ಎ.ಪಿ.ಎಂ.ಸಿ.ಯಲ್ಲಿ ಕಡಲೆ ಮಾರಿದ ಪಟ್ಟಿ ಹುಡುಕಿ ಹಚ್ಚಿದೆ. ನಿಮ್ಮ ಉತಾರ ಈಗಲೇ ನೋಡಿಕೊಳ್ಳಿ, ಕಾರ್ಖಾನೆ ಬರಲಿ ಬಿಡಲಿ.

ತಿಕೋಟಾ ಕಡೆ ದ್ರಾಕ್ಷಿಯವರ ಮಾತು ಬೇರೆ. ಅವರ ಮಣೂಕ ಶೆಡ್ಡು ತುಂಬುವುದು ಫೆಬ್ರುವರಿಯಿಂದ ಏಪ್ರಿಲ್ ತನಕ. ಕಬ್ಬು ನುರಿಸುವ ಹಂಗಾಮಿನ ಕೊನೆಯೂ ಅದೇ ಹೊತ್ತು. ಬಾಯ್ಲರಿನ ಬೂದಿ ಹಾರಿ ಜಾಳಿಗೆಯ ಮೇಲಿನ ಹಣ್ಣಿಗೆ ಕೂತರೆ ರೇಟು ಹೋಯಿತು. ಅಂಥವರು ಶೆಡ್ಡು ಎಷ್ಟಿವೆ, ಎಷ್ಟು ದೂರ, ಆ ತಿಂಗಳಲ್ಲಿ ಗಾಳಿ ಯಾವ ದಿಕ್ಕಿನದು ಎಂದು ಬರೆಯಬೇಕು.

ಅರ್ಜಿಯನ್ನು ವಿಜಯಪುರದ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಗೆ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ಮುದ್ರೆ, ತಾರೀಖು ಹಾಕಿಸಿಕೊಂಡೆ. ಸಭೆಗೆ ಬರಲು ಆಗದವರೂ ಹೀಗೆ ಬರೆದು ಕಳಿಸಬಹುದು. ಸಭೆಯಲ್ಲಿ ಈ ಸಲ ನಾನು ಮಾತಾಡಿದ್ದು ಎರಡೇ ಮಿನಿಟು, ಅರ್ಜಿ ಓದಿದೆ ಅಷ್ಟೇ. ಮುಗಿದ ಮೇಲೆ ನಡವಳಿಯನ್ನು ಅಲ್ಲೇ ಜನರಿಗೆ ಓದಿ ಹೇಳಿ ಅದೇ ದಿನ ಸಹಿ ಮಾಡಬೇಕೆಂದು ನಿಯಮವಿದೆ. ಊಟಕ್ಕೆ ಎದ್ದು ಹೋಗಬೇಡಿ, ಕೂತು ಕೇಳಿ. ನನ್ನ ಹಳ್ಳದ ಮಾತು ಬಿಟ್ಟಿದ್ದರು. ಎದ್ದು ನಿಂತು "ಸಾಹೇಬ್ರ, ಹಳ್ಳ ಬರೀರಿ" ಅಂದೆ, ಸೇರಿಸಿದರು.

ಎಲ್ಲ ಯೋಜನೆಗೂ ಸಭೆ ಇರುವುದಿಲ್ಲ. ಹೆಚ್ಚಿನ ಭೂಮಿ ಬೇಡದ ರಸ್ತೆ ಅಗಲೀಕರಣ, ನೀರಾವರಿ ಆಧುನೀಕರಣ ಇಂಥವಕ್ಕೆ ವಿನಾಯಿತಿ ಇದೆ. ಅನುಮತಿ ಸಿಕ್ಕಮೇಲೆ ಒಪ್ಪಿಗೆಯಾಗದಿದ್ದರೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿಗೆ ಇರುವುದು 30 ದಿನ. ತಕ್ಕ ಕಾರಣ ತೋರಿಸಿದರೆ ಇನ್ನೂ 60. ನಮ್ಮ ಭಾಗಕ್ಕೆ ಚೆನ್ನೈ ಪೀಠ.

ಅಂತಿಮ ವರದಿ ಬಂದಾಗ ಅಳಿಯ ಮತ್ತೆ ಓದಿದ. ನಮ್ಮ ಸೀಮೆಯ ಹೊಲಗಳನ್ನು 'ಹಿಂಗಾರಿ ಸಾಗುವಳಿ' ಎಂದು ತಿದ್ದಿದ್ದರು. ಬಾವಿಯ ಪ್ರಶ್ನೆಗೆ ಮಾತ್ರ 'ನಿಯಮದಂತೆ ಕ್ರಮ ಕೈಗೊಳ್ಳಲಾಗುವುದು' ಅಂತ ಇತ್ತು. ಆ ಉತ್ತರ ನನಗೆ ಸಾಲದು. ಕಾರ್ಖಾನೆ ಇನ್ನೂ ಎದ್ದಿಲ್ಲ. ಅಷ್ಟರಲ್ಲಿ ಬಾವಿ ನೀರನ್ನು ನಾನೇ ಪರೀಕ್ಷೆ ಮಾಡಿಸಿ ಕಾಗದ ಟ್ರಂಕಿನಲ್ಲಿ ಇಟ್ಟಿದ್ದೇನೆ. ಅದು ಬ್ಯಾಸಿಗಿ ನೀರಿನದು. ಮಳೆ ಬಿದ್ದ ಮೇಲಿನದು ಇನ್ನೊಂದು ಮಾಡಿಸಬೇಕು.