ಸೀಟಿನ ಕಾಲಿಗೆ ಎಂಥಾ ಕಬ್ಬಿಣ ಬೇಕು?



ಹತ್ತಿ, ಮೆಣಸಿನಕಾಯಿ ಬಿಡಿಸುವ ಸುಗ್ಗಿ ಬಂತೆಂದರೆ ಕೊಡೇಕಲ್, ಹುಣಸಗಿ, ಸುರಪುರದ ದಾರಿಯಲ್ಲಿ ಬೆಳಗಾಗುವ ಮುಂಚೆಯೇ ಹೆಣ್ಣುಮಕ್ಕಳನ್ನು ಕರೆದೊಯ್ಯುವ ಗಾಡಿಗಳು ಹೊರಡುತ್ತವೆ. ಬುತ್ತಿ, ನೀರು, ಕುಡಗೋಲು ಎಲ್ಲವನ್ನೂ ನಾವು ನೋಡಿಕೊಳ್ಳುತ್ತೇವೆ. ಕೂತ ಸೀಟಿನ ಕೆಳಗೆ ಏನಿದೆ ಎಂದು ಮಾತ್ರ ಬಗ್ಗಿ ನೋಡುವುದಿಲ್ಲ.

ನಮ್ಮ ಒಂದು ಸಂಘದ ಸದಸ್ಯೆಯ ಮನೆಯವರು ಸಾಲ ಪಡೆದು ಹಳೇ ಜೀಪು ಕೊಂಡರು. ಹಿಂದಿನ ಸೀಟಿನ ಬ್ರಾಕೆಟ್, ಅಂದರೆ ಸೀಟನ್ನು ನೆಲಕ್ಕೆ ಹಿಡಿದಿಡುವ ಕಾಲು, ಜಂಗು ತಿಂದು ಹೋಗಿತ್ತು. ಮನೆ ಕಟ್ಟಿದಾಗ ಉಳಿದಿದ್ದ ಸರಳಿನ ತುಂಡು ಬಗ್ಗಿಸಿ ವೆಲ್ಡಿಂಗ್ ಹಚ್ಚಿಸಿದರು. ಒಂದು ದಿನ ಎಮ್ಮೆ ಅಡ್ಡ ಬಂತು, ಜೋರಾಗಿ ಬ್ರೇಕ್ ಹಾಕಿದಾಗ ಸೀಟು ಕಿತ್ತು ಮುಂದಕ್ಕೆ ಬಿತ್ತು. ಒಬ್ಬ ಸಹೋದರಿಯ ಮುಂಗೈ ಮುರಿಯಿತು. ಎರಡು ತಿಂಗಳ ದುಡಿಮೆ ಹೋಯಿತು, ಸಂಘದ ಕಂತೂ ನಿಂತಿತು. ನಾವು ಮಾತಾಡಿಸಲು ಹೋದಾಗ ಆಕೆ ಕೇಳಿದ್ದು ಒಂದೇ ಮಾತು: “ಸಿಸ್ಟರ್, ಕಬ್ಬಣ ಅಂದ್ರ ಎಲ್ಲಾ ಒಂದೇ ಅಲ್ಲೇನ್ರಿ?”

ಒಂದೇ ಅಲ್ಲ. ಈ ಸಲದ ಪಾಠ ಅದೇ.

ಎಷ್ಟು ಭಾರ ಬೀಳುತ್ತದೆ?

ಗಂಟೆಗೆ 40 ಕಿಲೋಮೀಟರ್ ವೇಗದ ಗಾಡಿ ಏನಾದರೂ ಬಡಿದು ಅರ್ಧ ಮೀಟರಿನಲ್ಲಿ ನಿಂತರೆ, ಪ್ರತಿಯೊಂದು ವಸ್ತುವೂ ತನ್ನ ತೂಕದ ಸುಮಾರು 12 ಪಟ್ಟು ಬಲದಿಂದ ಮುಂದಕ್ಕೆ ಜಗ್ಗುತ್ತದೆ. 20 ಕೆ.ಜಿ. ಸೀಟು ಎರಡೂವರೆ ಕ್ವಿಂಟಲ್‌ನಂತೆ ಜಗ್ಗುತ್ತದೆ. ಮೂವರು ಹೆಣ್ಣುಮಕ್ಕಳ ಭಾರವೂ ಅದರ ಮೇಲೆ ಬಿದ್ದರೆ 20 ಕ್ವಿಂಟಲ್ ದಾಟುತ್ತದೆ. ಆದ್ದರಿಂದಲೇ ವಿಶ್ವಸಂಸ್ಥೆಯ 17ನೇ ವಾಹನ ನಿಯಮದಲ್ಲಿ ಸೀಟಿನ ಜೋಡಣೆಯನ್ನು 20 ಪಟ್ಟಿನವರೆಗೆ ಪರೀಕ್ಷಿಸುತ್ತಾರೆ.

ಯಾವುದು ಬೇಡ?

• ಮನೆ ಕಟ್ಟುವ ಟಿಎಂಟಿ ಸರಳು: ಇದರ ಗಟ್ಟಿತನ ಹೊರಪದರದಲ್ಲಿದೆ. ಕಾಯಿಸಿ ಬಗ್ಗಿಸಿದರೆ, ವೆಲ್ಡ್ ಮಾಡಿದರೆ ಆ ಗಟ್ಟಿತನ ಕಡಿಮೆಯಾಗುತ್ತದೆ. ದುಂಡಗಿರುವುದರಿಂದ ಸರಿಯಾಗಿ ಕೂಡುವುದೂ ಇಲ್ಲ.
• ಲಾರಿಯ ಹಳೇ ಕಮಾನು ಪಟ್ಟಿ: ಬಲು ಗಟ್ಟಿ, ಆದರೆ ಸಾದಾ ವೆಲ್ಡಿಂಗ್ ಮಾಡಿದರೆ ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡುತ್ತದೆ.
• ಬೀಡು ಕಬ್ಬಿಣ: ಬಗ್ಗುವುದಿಲ್ಲ, ಏಟು ಬಿದ್ದರೆ ಒಡೆಯುತ್ತದೆ.
• ಅಲ್ಯೂಮಿನಿಯಂ: ಹಗುರ ನಿಜ. ಆದರೆ ಊರಿನ ಸಾದಾ ವೆಲ್ಡಿಂಗ್‌ನಿಂದ ಕಬ್ಬಿಣಕ್ಕೆ ಬೆಸೆಯಲು ಬರುವುದಿಲ್ಲ. ಕಬ್ಬಿಣಕ್ಕೆ ತಾಗಿ ನೀರು ಬಿದ್ದರೆ ಸವೆಯುತ್ತದೆ.
• ಜಿಐ ನೀರಿನ ಪೈಪು: ಸತುವಿನ ಲೇಪ ಇರುವುದರಿಂದ ಬೆಸುಗೆ ಕೆಡುತ್ತದೆ, ಅದರ ಹೊಗೆಯೂ ಆರೋಗ್ಯಕ್ಕೆ ಕೆಟ್ಟದ್ದು.
• ರ್‍ಯಾಕಿನ ತೂತಿನ ಆಂಗಲ್, ಕಟ್ಟಿಗೆ: ಮೊದಲನೆಯದು ತೆಳು, ಎರಡನೆಯದು ಸೀಳುತ್ತದೆ.

ಯಾವುದು ಬೇಕು?

ಅದೇ ಗಾಡಿಯ ಕಂಪನಿ ಬ್ರಾಕೆಟ್ ಸಿಕ್ಕರೆ ಅದೇ ಎಲ್ಲಕ್ಕಿಂತ ಒಳ್ಳೆಯದು. ಸಿಗದಿದ್ದರೆ ಹೊಸ ಎಂ.ಎಸ್. ಪ್ಲೇಟ್ ಅಥವಾ ಆಂಗಲ್ ಕೇಳಿರಿ. ಇದು ಏಟು ಬಿದ್ದಾಗ ತಟ್ಟನೆ ಮುರಿಯದೆ ಮೊದಲು ಬಗ್ಗುತ್ತದೆ. ಆ ಬಗ್ಗುವ ಗುಣವೇ ಜೀವ ಉಳಿಸುತ್ತದೆ. ದಪ್ಪ 5 ಮಿ.ಮೀ. ಇರಲಿ. 3 ಮಿ.ಮೀ. ಪ್ಲೇಟಿಗಿಂತ ಅದು ಬಗ್ಗದೆ ತಡೆಯುವ ಶಕ್ತಿ ಎರಡೂವರೆ ಪಟ್ಟಿಗಿಂತ ಹೆಚ್ಚು.

ದಪ್ಪ ಅಳೆಯಲು ಬಾರದಿದ್ದರೆ ತಕ್ಕಡಿ ಇದೆಯಲ್ಲ! ಒಂದು ಅಡಿ ಉದ್ದ, ಒಂದು ಅಡಿ ಅಗಲದ 5 ಮಿ.ಮೀ. ಪ್ಲೇಟ್ ಸುಮಾರು 3 ಕೆ.ಜಿ. 600 ಗ್ರಾಂ ತೂಗುತ್ತದೆ. 3 ಮಿ.ಮೀ. ಆದರೆ 2 ಕೆ.ಜಿ. 200 ಗ್ರಾಂ ಅಷ್ಟೇ.

ಬೋಲ್ಟಿನ ತಲೆಯ ಮೇಲೆ 8.8 ಎಂದು ಬರೆದಿರಬೇಕು. 10 ಮಿ.ಮೀ.ನ ಅಂಥ ಒಂದು ಬೋಲ್ಟ್ ಸುಮಾರು 3 ಟನ್ ಎಳೆತ ತಡೆಯುತ್ತದೆ. 6 ಮಿ.ಮೀ.ನ ಸಾದಾ ಬೋಲ್ಟ್ ಅರ್ಧ ಟನ್ನಿಗೇ ಸೋಲುತ್ತದೆ. ಕಂಪನಿ ಕೊರೆದ ತೂತಿನಲ್ಲೇ, ಅದೇ ಅಳತೆಯ ಬೋಲ್ಟ್ ಹಾಕಿಸಿರಿ, ಸಡಿಲಾಗದ ಲಾಕ್ ನಟ್ ಇರಲಿ. ಗಾಡಿಯ ನೆಲ ತೆಳು ತಗಡು. ಬೋಲ್ಟ್ ಉಳಿದರೂ ತಗಡು ಹರಿಯುತ್ತದೆ. ಅದಕ್ಕೇ ತಗಡಿನ ಕೆಳಗೆ ಅಂಗೈ ಅಗಲದ, 4 ಮಿ.ಮೀ. ದಪ್ಪದ ಪ್ಲೇಟ್ ಕೊಡಿಸಿರಿ. ಸೀರೆಗೆ ಪಿನ್ನು ಚುಚ್ಚುವಾಗ ಬಟ್ಟೆ ಹರಿಯದಂತೆ ಮಡಿಕೆ ಮಾಡುತ್ತೇವಲ್ಲ, ಹಾಗೆ. ವೆಲ್ಡಿಂಗ್ ಮಾಡುವಾಗ ಡೀಸೆಲ್ ಟ್ಯಾಂಕ್ ಹತ್ತಿರ ಇಲ್ಲವೆಂದು ನೋಡಿಸಿ, ಬ್ಯಾಟರಿ ವೈರ್ ಬಿಚ್ಚಿಸಿರಿ.

ನಾಲ್ಕು ಬ್ರಾಕೆಟ್‌ಗೆ, ಕೆಳಗಿನ ಪ್ಲೇಟೂ ಸೇರಿ, ಬೇಕಾಗುವುದು ಸುಮಾರು 3 ಕೆ.ಜಿ. ಕಬ್ಬಿಣ. ಮನೆಯಲ್ಲಿ ಬಿದ್ದ ಸರಳು ಹಚ್ಚಿ ಉಳಿಸಿದ್ದು ಅಷ್ಟರ ಬೆಲೆ ಮಾತ್ರ. ಕಳಕೊಂಡದ್ದು ಒಂದು ಕೈ, ಎರಡು ತಿಂಗಳ ಕೂಲಿ.

ಎಚ್ಚರಿಕೆಯ ಮಾತು

ಇದು ಇದ್ದ ಸೀಟನ್ನು ಗಟ್ಟಿಮಾಡುವ ಪಾಠ, ಹೆಚ್ಚು ಜನ ತುಂಬಲು ಹೊಸ ಸೀಟು ಕೂಡಿಸುವ ಪಾಠವಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಆರ್.ಸಿ. ಪುಸ್ತಕದಲ್ಲಿದ್ದ ವಿವರ ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದು. 2019ರ ತಿದ್ದುಪಡಿಯಂತೆ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಬರುತ್ತದೆ. ಸೀಟಿಗೇ ಬೆಲ್ಟ್ ಜೋಡಿಸಿದ್ದರೆ ಅದರ ಬ್ರಾಕೆಟ್ ಊರಲ್ಲಿ ಮಾಡಿಸಬೇಡಿ, ಕಂಪನಿಯದೇ ಹಾಕಿಸಿರಿ. ಸರಕು ಗಾಡಿಯಲ್ಲಿ ಸೀಟು ಎಷ್ಟೇ ಗಟ್ಟಿಯಾಗಿದ್ದರೂ ಜನ ಕೂರುವಂತಿಲ್ಲ.

“ಗಾಡೀ ಕೆಲಸ ಗಂಡಸರಿಗೆ ಗೊತ್ತು, ನಮಗ್ಯಾಕ್ರಿ?” ಎಂದು ಕೆಲವರು ಕೇಳುತ್ತಾರೆ. ಸಾಲದ ಕಂತು ಕಟ್ಟುವವರು ನಾವು, ಆ ಸೀಟಿನ ಮೇಲೆ ಕೂರುವವರೂ ನಾವು. ಕೇಳುವ ಹಕ್ಕೂ ನಮ್ಮದೇ.

ಸಂಘದ ಸಭೆಯಲ್ಲಿ ಚರ್ಚಿಸೋಣ

1. ನಾವು ಕೆಲಸಕ್ಕೆ ಹೋಗುವ ಗಾಡಿಯ ಸೀಟು ಹಿಡಿದು ಅಲ್ಲಾಡಿಸಿದರೆ ಅಲುಗುತ್ತದೆಯೇ? ಬುಡದಲ್ಲಿ ಜಂಗು, ಬಿರುಕು ಕಾಣುತ್ತದೆಯೇ?
2. ಆರ್.ಸಿ.ಯಲ್ಲಿ ಎಷ್ಟು ಸೀಟು ಇವೆ, ನಾವು ಎಷ್ಟು ಜನ ಕೂರುತ್ತೇವೆ?
3. ಗಾಡಿಗೆ ಸಾಲ ಕೊಡುವ ಮುಂಚೆ ಸೀಟು ನೋಡಿ ಬರಲು ಸಂಘದಿಂದ ಯಾವ ಇಬ್ಬರು ಹೋಗಬೇಕು?