ಕಣಜದ ಲೆಕ್ಕವೂ ನೆಲದ ಲೆಕ್ಕವೂ

ನಮ್ಮ ಸೀಮೆಯ ಒಕ್ಕಲಿಗರ ಬಾಯಲ್ಲಿ 'ಸವಳು', 'ಜವಳು' ಎಂಬೆರಡು ಮಾತುಗಳು ಜೋಡಿಯಾಗಿಯೇ ಬರುತ್ತವೆ. ನೆಲಕ್ಕೆ ಉಪ್ಪೇರಿದರೆ ಸವಳು. ನೀರು ಬಸಿಯದೆ ನಿಂತರೆ ಜವಳು. ಸತ್ಯನಾರಾಯಣಪೇಟೆಯ ನೆರಳಿನಲ್ಲಿ ಕುಳಿತು ಪಾಠ ಹೇಳುವ ನಾನು ಇವು ಪ್ರಾಸಕ್ಕಾಗಿ ಕೂಡಿದ ಪದಗಳೆಂದೇ ಬಗೆದಿದ್ದೆ. ಒಂದರಿಂದಲೇ ಇನ್ನೊಂದು ಹುಟ್ಟುವುದೆಂದು ತಿಳಿದುದು ಸಿರುಗುಪ್ಪದ ಕಡೆಯ ಹೊಲವೊಂದರ ಬದುವಿನ ಮೇಲೆ ನಿಂತಾಗ.

ಆ ಹೊಲದ ಒಡೆಯರು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ. ಬೀಜ, ಗೊಬ್ಬರ, ಔಷಧಿ, ಕೂಲಿ, ಟ್ರ್ಯಾಕ್ಟರ್ ಬಾಡಿಗೆ ಎಲ್ಲವನ್ನೂ ಕಳೆದು, "ಗುರುಗಳೇ, ಲಾಭವಿದೆ" ಎಂದು ಖಾತೆ ಪುಸ್ತಕವನ್ನು ಮುಂದಿಟ್ಟರು. ತೂಬಿನ ಬಳಿಯ ಭತ್ತ ತೆನೆಭಾರದಿಂದ ಬಾಗಿತ್ತು. ತಗ್ಗಿನ ಮೂಲೆಯಲ್ಲಿ ಮಾತ್ರ ಮಣ್ಣು ಬೂದಿ ಚೆಲ್ಲಿದಂತೆ ಬೆಳ್ಳಗಾಗಿತ್ತು. ಆ ಮೂಲೆಗೆ ಪುಸ್ತಕದಲ್ಲಿ ಅಂಕಣವಿರಲಿಲ್ಲ.

ಕೇಂದ್ರದ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗವು ವೆಚ್ಚವನ್ನು ಹಂತಹಂತವಾಗಿ ಎಣಿಸುತ್ತದೆ: ಕೈಯಿಂದ ಕೊಟ್ಟದ್ದು, ಅದರ ಮೇಲೆ ಮನೆಯವರ ದುಡಿಮೆ, ಅದಕ್ಕೂ ಮೇಲೆ ಸ್ವಂತ ನೆಲದ ಗೇಣಿ ಹಾಗೂ ಬಂಡವಾಳದ ಬಡ್ಡಿ. ನಮ್ಮ ರೈತರಲ್ಲಿ ಬಹುಮಂದಿ ಮೊದಲನೆಯದಕ್ಕೇ ನಿಲ್ಲುತ್ತಾರೆ. ನೆಲದ ಸವೆತವಂತೂ ಯಾರ ಲೆಕ್ಕಕ್ಕೂ ಸೇರದು.

1945ರಲ್ಲಿ ಕೆಲಸ ಆರಂಭವಾಗಿ 1953ರಲ್ಲಿ ನೀರು ತುಂಬಿದ ತುಂಗಭದ್ರಾ ಜಲಾಶಯದ ಉದ್ದೇಶ ಬರಪೀಡಿತ ಸೀಮೆಯ ರಕ್ಷಣೆ. ಜೋಳ, ಹತ್ತಿಗಳಂತಹ ಮಿತ ನೀರಿನ ಬೆಳೆಗಳಿಗೆ ಬಹಳಷ್ಟು ನೆಲವನ್ನು ಗೊತ್ತುಪಡಿಸಲಾಗಿತ್ತು. ಬಂದದ್ದು ಭತ್ತ. ರೈತರನ್ನು ದೂರುವುದು ಸುಲಭ. ನೆರೆಯ ಗದ್ದೆಯ ನೀರು ತನ್ನ ಹೊಲಕ್ಕೆ ಜಿನುಗುತ್ತಿರುವಾಗ ಒಬ್ಬನೇ ಜೋಳ ಬಿತ್ತುವುದೆಂತು? (ಅಚ್ಚುಕಟ್ಟು ಎಂಬ ಮಾತಿಗೆ ನೀರಾವರಿಯ ನೆಲವೆಂದೂ ಓರಣವೆಂದೂ ಅರ್ಥವುಂಟು, ಎರಡನೆಯದನ್ನು ನಾವು ಮರೆತಂತಿದೆ.)

ಎರೆಮಣ್ಣು ನೀರನ್ನು ಬೇಗ ಬಸಿಯಗೊಡದು. ವರ್ಷಕ್ಕೆರಡು ಭತ್ತವಾದರೆ ಒಳನೀರು ಮೇಲೇರುತ್ತದೆ; ಬಿಸಿಲು ನೀರನ್ನು ಹೀರಿ ಉಪ್ಪನ್ನು ಮೇಲೆ ಉಳಿಸುತ್ತದೆ. ಇದಕ್ಕೆ ಮೊದಲ ಮದ್ದು ಬಸಿಗಾಲುವೆ. ಮಣ್ಣು ಪರೀಕ್ಷೆಯಲ್ಲಿ ಕ್ಷಾರವೆಂದು ತಿಳಿದರೆ ಜಿಪ್ಸಂ, ಹಸಿರು ಗೊಬ್ಬರಕ್ಕೆ ಡಯಾಂಚ. ಬಸಿಗಾಲುವೆಯಿಲ್ಲದೆ ಹಾಕಿದ ಜಿಪ್ಸಂ ಬಹುಮಟ್ಟಿಗೆ ವ್ಯರ್ಥ. ಎರಡನೆಯ ಬೆಳೆಗೆ ಜೋಳವನ್ನಿಟ್ಟರೆ ಹುಟ್ಟುವಳಿಯ ಹಣ ಕಡಿಮೆಯಾದರೂ ನೀರಿನ ಹಂಗು ತಗ್ಗುತ್ತದೆ. ಸುಮಾರು 133 ಟಿಎಂಸಿ ಹಿಡಿಯಬೇಕಿದ್ದ ಜಲಾಶಯದಲ್ಲಿ ಹೂಳು ತುಂಬಿ ಈಗ 105ರಷ್ಟಕ್ಕೆ ಮಾತ್ರ ಎಡೆಯಿದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಕೊಚ್ಚಿಹೋದಾಗ, ತುಂಬಿದ ಜಲಾಶಯದ ನೀರನ್ನೂ ನೆಚ್ಚಿ ಕೂಡಲಾಗದೆಂಬುದು ಕಾಲುವೆಯ ಕೊನೆಯವರಿಗಷ್ಟೇ ಅಲ್ಲ, ಮೊದಲಿನವರಿಗೂ ಅರಿವಾಯಿತು.

ನಮ್ಮ ಹಳೆಯ ವಿದ್ಯಾರ್ಥಿ ಈಗ ಪುಸ್ತಕದಲ್ಲಿ 'ನೆಲದ ಪಾಲು' ಎಂಬ ಹೊಸ ಅಂಕಣ ಬರೆದು, ಪ್ರತಿ ಸುಗ್ಗಿಯಲ್ಲೂ ಅದಕ್ಕೆಂದು ಹಣ ತೆಗೆದಿಡುತ್ತಿದ್ದಾರೆ. ಹಳ್ಳದವರೆಗೆ ಬಸಿಗಾಲುವೆ ತೋಡಲು ಮೂವರು ನೆರೆಯವರು ಒಪ್ಪಬೇಕು. ಇಬ್ಬರು ಒಪ್ಪಿದ್ದಾರೆ. ಮೂರನೆಯವರ ಹೊಲ ಹಳ್ಳಕ್ಕೆ ತಾಗಿದೆ. ಅಲ್ಲಿ ಸವಳು ಇನ್ನೂ ಕಾಣಿಸಿಕೊಂಡಿಲ್ಲ.