ಟೂರಿಸ್ಟ್ ವೀಸಾದಲ್ಲಿ ಮೇಷ್ಟ್ರ ಕೆಲಸ ಬೇಡ

ಥಾಯ್ಲೆಂಡ್, ವಿಯೆಟ್ನಾಂ, ಚೀನಾದ ಖಾಸಗಿ ಭಾಷಾ ಶಾಲೆಯಲ್ಲಿ ಇಂಗ್ಲಿಷ್ ಪಾಠ, ಊಟ ವಸತಿ ಉಚಿತ. ದೇವನೂರು, ನಂಜನಗೂಡು, ತಿ. ನರಸೀಪುರದ ಕಡೆ ಬಿ.ಎಡ್. ಮುಗಿಸಿ ಅತಿಥಿ ಶಿಕ್ಷಕರಾಗಿ ದುಡಿಯುವವರಿಗೆ ಇದು ದೊಡ್ಡ ಆಸೆ. ಅವರು ವಕೀಲರನ್ನು ಕಾಣುವುದು ಏಜೆಂಟರಿಗೆ ದುಡ್ಡು ಕಟ್ಟಿದ ಮೇಲೆಯೇ. ಕೈಯಲ್ಲಿ ವಾಟ್ಸಾಪ್‌ಗೆ ಬಂದ ಆಫರ್ ಲೆಟರ್, ‘ಟ್ರೈನಿಂಗ್ ಫೀ’ ಎಂದು ಬರೆದ, ಸೀಲಿಲ್ಲದ ಚೀಟಿ.

ಎಸ್ಸೆಸ್ಸೆಲ್ಸಿ ಪಾಸಾದವರ ಪಾಸ್‌ಪೋರ್ಟ್ ಇಸಿಎನ್‌ಆರ್ ವರ್ಗದ್ದು, ಅಂದರೆ ಕೆಲಸಕ್ಕೆ ಹೊರಡಲು ವಲಸೆ ತಪಾಸಣೆ ಬೇಡ. ಗಲ್ಫಿಗೆ ಹೊರಟ, ಶಾಲೆ ಕಲಿಯದ ಕಾರ್ಮಿಕರ ಕರಾರನ್ನಾದರೂ ವಲಸಿಗರ ರಕ್ಷಣಾಧಿಕಾರಿ ಪರಿಶೀಲಿಸಬೇಕು. ಪದವೀಧರರ ಕರಾರಿಗೆ ಆ ಕಣ್ಗಾವಲೂ ಇಲ್ಲ.

ಏಜೆಂಟರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ‘ಸದ್ಯ ಟೂರಿಸ್ಟ್ ಆಗಿ ಹೋಗಿ, ವೀಸಾ ಅಲ್ಲೇ ಬದಲಾಯಿಸೋಣ’ ಎನ್ನುತ್ತಾರೆ. ಹೆಚ್ಚಿನವರು ಮುಳುಗುವುದು ಇಲ್ಲೇ. ಥಾಯ್ಲೆಂಡಿನಲ್ಲಿ ಪಾಠ ಹೇಳಲು ನಾನ್-ಇಮಿಗ್ರೆಂಟ್ ಬಿ ವೀಸಾ, ಜೊತೆಗೆ ವರ್ಕ್ ಪರ್ಮಿಟ್ ಬೇಕು. ಕೆಲವು ಸಂದರ್ಭಗಳಲ್ಲಿ ಅಲ್ಲೇ ವೀಸಾ ಬದಲಿಸಲು ಅವಕಾಶವಿದೆ, ನಿಜ. ಆದರೆ ಪರ್ಮಿಟ್ ಬರುವ ಮುನ್ನ ತರಗತಿಗೆ ಕಾಲಿಟ್ಟರೆ ಅಪರಾಧ. ಆಗ ಸಂಬಳ ಕೊಡದ ಮಾಲೀಕನ ಮೇಲೆ ದೂರು ಕೊಡಲೂ ಹೆದರಿಕೆ.

ಇದಕ್ಕಿಂತ ಕೆಟ್ಟದ್ದೂ ನಡೆದಿದೆ. ಥಾಯ್ಲೆಂಡಿನಲ್ಲಿ ಕೆಲಸವೆಂದು ಕರೆದೊಯ್ದು, ಗಡಿ ದಾಟಿಸಿ ಮ್ಯಾನ್ಮಾರ್‌ನಲ್ಲಿ ಕೂಡಿಹಾಕುತ್ತಿದ್ದಾರೆಂದು ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರಿನಲ್ಲೇ ಎಚ್ಚರಿಸಿತ್ತು. ಆಗ ಬಲೆಗೆ ಬಿದ್ದವರು ಐಟಿ ಓದಿದ ಯುವಕರು.

ಆದ್ದರಿಂದ ಮೊದಲು ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಏಜೆಂಟರ ನೋಂದಣಿ ಸಂಖ್ಯೆ ನೋಡಿ. ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಜಿಎಸ್‌ಟಿ ಬೇರೆ. ರಸೀದಿ ಕೇಳಿ ಪಡೆಯಿರಿ. ‘ನಮ್ಮದು ಬರೀ ಕನ್ಸಲ್ಟೆನ್ಸಿ, ನೋಂದಣಿ ಬೇಡ’ ಎಂದರೆ ಎದ್ದು ಬನ್ನಿ. ಎಲ್ಲ ಸರಿಯಿದ್ದರೂ ಆ ದೇಶದ ನಿಯಮ ಅಡ್ಡ ಬರಬಹುದು. ಚೀನಾದಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ತಾಯ್ನುಡಿಯಾಗಿರುವ ದೇಶದವರಿಗೇ ಈ ಕೆಲಸದ ಪರವಾನಗಿ. ಭಾರತೀಯರಿಗೆ ಬಿಸಿನೆಸ್ ವೀಸಾ ಕೊಡಿಸುವೆ ಎನ್ನುವವರ ಮಾತು ಕೇಳಬೇಡಿ.

ಮೋಸವಾದರೆ? ‘ದುಡ್ಡಿನ ವ್ಯವಹಾರ, ಸಿವಿಲ್ ಕೋರ್ಟಿಗೆ ಹೋಗಿ’ ಎಂದು ಠಾಣೆಯಲ್ಲಿ ಸಾಗಹಾಕುತ್ತಾರೆ. ಇದು ಹೊಣೆ ತಪ್ಪಿಸಿಕೊಳ್ಳುವ ಮಾತು, ಒಪ್ಪಬೇಡಿ. ಕೆಲಸದ ಸುಳ್ಳು ಹೇಳಿ ಹಣ ಕೀಳುವುದು ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನಡಿ ವಂಚನೆ. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ದಾಖಲಿಸದಿದ್ದರೆ ಬರಹದಲ್ಲಿ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ಅಂಚೆ ರಸೀದಿ ಇಟ್ಟುಕೊಳ್ಳಿ. ವಾಟ್ಸಾಪ್ ಸಂದೇಶ, ಯುಪಿಐ ವಿವರ ಅಳಿಸಬೇಡಿ.

ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ. 15100ಕ್ಕೆ ಕರೆ ಮಾಡಿ. ಸಾಧ್ಯವಾದರೆ ದುಡ್ಡು ಕಟ್ಟುವ ಮೊದಲೇ ಮಾಡಿ.